ಹಿತ್ತಲಿನ ಪಟ್ಟಿಂಗ್ ಗ್ರೀನ್: ಎರಡು ಮಳೆಗಾಲ ಕಳೆದ ಮೇಲೆ

ಹಿತ್ತಲಿನಲ್ಲಿ ಕೃತಕ ಹುಲ್ಲಿನ ಪಟ್ಟಿಂಗ್ ಗ್ರೀನ್, ಅಂದರೆ ಗಾಲ್ಫ್ ಚೆಂಡನ್ನು ಕುಳಿಗೆ ಉರುಳಿಸಿ ಅಭ್ಯಾಸ ಮಾಡುವ ನುಣುಪು ಹಾಸು, ಹಾಕಿಸಿಕೊಂಡವರು ಅದರ ಬಗ್ಗೆ ಬರೆಯುವುದು ಹೆಚ್ಚಾಗಿ ಕೆಲಸ ಮುಗಿದ ವಾರದಲ್ಲೇ. ಆಗ ಹುಲ್ಲು ಕಣ್ಣು ಕೋರೈಸುವಷ್ಟು ಹಸಿರಾಗಿರುತ್ತದೆ, ಅಂಚುಗಳು ನೆಟ್ಟಗಿರುತ್ತವೆ, ಚೆಂಡು ಹೇಳಿದ ಮಾತು ಕೇಳುತ್ತದೆ. ಕೊಡಗಿನ ಮಟ್ಟಿಗೆ ಅಂಥ ಅಭಿಪ್ರಾಯಕ್ಕೆ ಹೆಚ್ಚು ಬೆಲೆಯಿಲ್ಲ. ಇಲ್ಲಿ ನೆಲದ ಮೇಲೆ ಏನನ್ನೇ ಹಾಸಿದರೂ ಅದರ ಮೇಲೆ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಒಂದು ಸುತ್ತು ಸುರಿದು ಹೋಗುವ ತನಕ ಕೆಲಸ ಮುಗಿಯಿತೆಂದು ಹೇಳಬಾರದು. ಆದ್ದರಿಂದ ಎರಡು ಮಳೆಗಾಲ ಕಾದು ಇದನ್ನು ಬರೆಯುತ್ತಿದ್ದೇನೆ. ಕೆಲಸ ಮಾಡಿದ್ದು ಬೆಂಗಳೂರಿನ ಒಂದು ಸಂಸ್ಥೆ. ಅವರ ಕೆಲಸದಲ್ಲಿ ಮೆಚ್ಚಬೇಕಾದದ್ದೂ ಇದೆ, ದೂರಬೇಕಾದದ್ದೂ ಇದೆ. ದೂರುವ ಭಾಗದಲ್ಲಿ ನನ್ನ ಅವಸರದ ಪಾಲೂ ಇರುವುದರಿಂದ ಹೆಸರು ಹೇಳುವುದಿಲ್ಲ.

ನಮ್ಮ ಮನೆಯಿರುವುದು ವಿರಾಜಪೇಟೆಯ ಕಡೆ, ಒಂದು ಸಣ್ಣ ಕಾಫಿ ತೋಟದ ನಡುವೆ. ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್, ಮಡಿಕೇರಿಯ ಮರ್ಕರ ಡೌನ್ಸ್, ಪಾಲಿಬೆಟ್ಟದ ಮೈದಾನ ಎಂದು ಎಣಿಸುತ್ತ ಹೋದರೆ ಈ ಸಣ್ಣ ಜಿಲ್ಲೆಯಲ್ಲಿ ಗಾಲ್ಫ್ ಆಡಲು ಜಾಗಕ್ಕೆ ಬರವಿಲ್ಲ, ಬರವಿರುವುದು ಹೊತ್ತಿಗೆ. ಡಿಸೆಂಬರ್‌ನಿಂದ ಫೆಬ್ರವರಿಯ ತನಕ ಕಾಫಿ ಕೊಯ್ಲು, ಅದರ ಬೆನ್ನಿಗೇ ಕರಿಮೆಣಸು, ಜೂನ್ ಹಿಡಿದರೆ ಮಳೆ. ಹೀಗಾಗಿ ವರ್ಷದಲ್ಲಿ ಮೈದಾನಕ್ಕೆ ಹೋಗಲಾಗುವ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಗಾಲ್ಫ್ ಆಡದವರ ತಿಳುವಳಿಕೆಗೆ ಒಂದು ಲೆಕ್ಕ ಹೇಳಬೇಕು. ಒಳ್ಳೆಯ ಆಟಗಾರ ಮೈದಾನ ಮುಗಿಸಲು ಬೇಕಾಗುವ ಹೊಡೆತಗಳ ಲೆಕ್ಕಕ್ಕೆ ಪಾರ್ ಎನ್ನುತ್ತಾರೆ, ಗ್ರೀನ್ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತಕ್ಕೆ ಪಟ್ ಎನ್ನುತ್ತಾರೆ. 18 ಕುಳಿಗಳ, ಪಾರ್ 72ರ ಮೈದಾನದಲ್ಲಿ ಪ್ರತಿ ಕುಳಿಗೂ ಎರಡು ಪಟ್ ಎಂದು ಹಿಡಿದೇ ಪಾರ್ ನಿಗದಿಯಾಗಿರುತ್ತದೆ. ಅಂದರೆ 36 ಹೊಡೆತ, ಸರಿಯಾಗಿ ಅರ್ಧ, ಗ್ರೀನ್ ಮೇಲೆಯೇ ಖರ್ಚಾಗುತ್ತವೆ. ಉದ್ದದ ಹೊಡೆತವನ್ನು ಹಿತ್ತಲಿನಲ್ಲಿ ಅಭ್ಯಾಸ ಮಾಡಲು ಹೋದರೆ ಪಕ್ಕದ ತೋಟದವರೊಡನೆ ಮನಸ್ತಾಪ ಖಚಿತ. ಪಟ್ಟಿಂಗ್‌ಗಾದರೆ 40 ಅಡಿ ನೆಲ ಸಾಕು, ಬೆಳಗಿನ ಕಾಫಿಗೂ ತಿಂಡಿಗೂ ನಡುವೆ ಸಿಗುವ ಇಪ್ಪತ್ತು ನಿಮಿಷ ಸಾಕು.

ಸಹಜ ಹುಲ್ಲನ್ನೇ ಬೆಳೆಸಬಾರದೇ ಎಂದು ಬಂದವರೆಲ್ಲ ಕೇಳುತ್ತಾರೆ. ಇಷ್ಟು ಹಸಿರಿರುವ ಊರಿನಲ್ಲಿ ಪ್ಲಾಸ್ಟಿಕ್ ಹುಲ್ಲನ್ನು ಹಣ ಕೊಟ್ಟು ತರಿಸುವುದು ನೋಡುವವರಿಗೆ ವಿಚಿತ್ರವಾಗಿ ಕಾಣುವುದು ಸಹಜವೇ. ಆದರೆ ಪಟ್ಟಿಂಗ್ ಗ್ರೀನ್‌ನ ಹುಲ್ಲು ಅಂಗಳದ ಹುಲ್ಲಿನಂಥದಲ್ಲ. ಅದನ್ನು 3ರಿಂದ 4 ಮಿಲಿಮೀಟರ್ ಎತ್ತರಕ್ಕೆ, ಹೆಚ್ಚುಕಡಿಮೆ ಪ್ರತಿದಿನ, ಅದಕ್ಕೆಂದೇ ಇರುವ ಯಂತ್ರದಿಂದ ಕತ್ತರಿಸಬೇಕು. ಅಷ್ಟು ಗಿಡ್ಡ ಹುಲ್ಲಿಗೆ ಬಿಸಿಲು ಧಾರಾಳವಾಗಿ ಬೇಕು. ವಾರಗಟ್ಟಲೆ ಸೂರ್ಯನ ಮುಖ ಕಾಣದ ಜುಲೈ ತಿಂಗಳಲ್ಲಿ ಅದಕ್ಕೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳಲು ಒಬ್ಬ ಆಳನ್ನೇ ಇಡಬೇಕು. ಕಾಫಿ ಕೊಯ್ಯಲು ಆಳು ಸಿಗದ ಕಾಲದಲ್ಲಿ ಹುಲ್ಲು ಕತ್ತರಿಸಲು ಆಳು ಹುಡುಕುವ ಧೈರ್ಯ ನನಗಿರಲಿಲ್ಲ. ಇನ್ನು ಕೃತಕ ಹುಲ್ಲು ಈ ಜಿಲ್ಲೆಗೆ ತೀರ ಹೊಸದೂ ಅಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಆಟ ಕೃತಕ ಹುಲ್ಲಿನ ಹಾಸಿನ ಮೇಲಕ್ಕೆ ದಾಟಿದ ಮೇಲೆ, ಆ ಹಾಸು ನಮ್ಮ ಹುಡುಗರ ಆಟವನ್ನು ಹೇಗೆ ಬದಲಿಸಿತು ಎಂಬ ಚರ್ಚೆ ಇಲ್ಲಿನ ಮದುವೆ ಮನೆಗಳಲ್ಲಿ ಇವತ್ತಿಗೂ ನಡೆಯುತ್ತದೆ.

ಜಾಗದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದೆ ಆದದ್ದೆಲ್ಲ ಅದರಿಂದಲೇ. ಮನೆಯ ಹಿಂದೆ, ತೋಟದ ಏರು ಶುರುವಾಗುವ ಮೊದಲು, ಅಜ್ಜನ ಕಾಲದ ಮಣ್ಣಿನ ಕಣವಿತ್ತು. ಮುಂದುಗಡೆ ಸಿಮೆಂಟಿನ ಕಣ ಮಾಡಿಸಿದ ಮೇಲೆ ಅದರಲ್ಲಿ ಕಾಫಿ ಒಣಗಿಸುವುದು ನಿಂತು, ಒಡೆದ ಹಂಚು, ಹಳೆಯ ಸ್ಪ್ರಿಂಕ್ಲರ್ ಪೈಪು, ಎರಡು ಬಾಳೆಗಿಡ ಅಲ್ಲಿ ಸೇರಿಕೊಂಡಿದ್ದವು. ಸಂಸ್ಥೆಯಿಂದ ಅಳತೆ ತೆಗೆಯಲು ಬಂದ ಯುವಕ ಆ ನೆಲದ ಮೇಲೆ ಹಿಮ್ಮಡಿಯಿಂದ ಎರಡು ಬಾರಿ ಕುಟ್ಟಿ ನೋಡಿ, ಇಷ್ಟು ಗಟ್ಟಿ ನೆಲ ಸಿಕ್ಕಿರುವುದು ನಿಮ್ಮ ಅದೃಷ್ಟ, ಹೆಚ್ಚು ಅಗೆಯುವ ಅಗತ್ಯವಿಲ್ಲ ಎಂದ. ನನಗೂ ಸಂತೋಷವಾಯಿತು, ಅಗೆತ ಕಡಿಮೆಯಾದರೆ ಖರ್ಚೂ ಕಡಿಮೆ. ಚೌಕಾಕಾರ ಚೆನ್ನಾಗಿ ಕಾಣುತ್ತದೆ, ಹಿಂದಿನ ಬರೆಯನ್ನು, ಅಂದರೆ ಏರಿನ ಕಡಿದಾದ ಅಂಚನ್ನು, ಮೂರು ಅಡಿ ಕಡಿಯೋಣ ಎಂದೂ ಆತ ಸೂಚಿಸಿದ್ದ. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. 2018ರ ಆಗಸ್ಟ್‌ನ ಗುಡ್ಡ ಕುಸಿತ ಕಂಡವರು ಈ ಜಿಲ್ಲೆಯಲ್ಲಿ ಚೆಂದಕ್ಕೆಂದು ಬರೆ ಕಡಿಯುವುದಿಲ್ಲ.

ಅಳತೆ ನಿಗದಿಯಾದದ್ದು 13 ಅಡಿ ಅಗಲ, 38 ಅಡಿ ಉದ್ದ, ಒಟ್ಟು 494 ಚದರ ಅಡಿ. ಅಗಲ 13 ಅಡಿಯೇ ಏಕೆಂದರೆ ಅವರು ತರುತ್ತಿದ್ದ ಹುಲ್ಲಿನ ಸುರುಳಿ 2 ಮೀಟರ್ ಅಗಲದ್ದು. ಎರಡು ಪಟ್ಟಿ ಪಕ್ಕಪಕ್ಕ ಹಾಸಿದರೆ 4 ಮೀಟರ್, ಅಂದರೆ 13 ಅಡಿಗೆ ತುಸು ಹೆಚ್ಚು. 15 ಅಡಿ ಬೇಕೆಂದರೆ ಮೂರನೆಯ ಪಟ್ಟಿಯಲ್ಲಿ ಮುಕ್ಕಾಲು ಭಾಗ ಕತ್ತರಿಸಿ ಎಸೆಯುವುದಕ್ಕೂ ನಾವೇ ಹಣ ಕೊಡಬೇಕಾಗುತ್ತಿತ್ತು. ಆದ್ದರಿಂದ ಹಿತ್ತಲು ಅಳೆಯುವ ಮೊದಲು ಸುರುಳಿಯ ಅಗಲ ಕೇಳುವುದು ಒಳ್ಳೆಯದು. ಹುಲ್ಲು, ಅಂಟು, ಮರಳು, ಅಡಿಪಾಯ, ಮೂರು ಕುಳಿಗಳು, ಕೂಲಿ, ತೆರಿಗೆ ಎಲ್ಲ ಸೇರಿ ಚದರ ಅಡಿಗೆ 420 ರೂಪಾಯಿಯಂತೆ 2,07,480 ರೂಪಾಯಿ ಆಯಿತು. ಅಂಗಳಕ್ಕೆ, ಬಾಲ್ಕನಿಗೆ ಹಾಸುವ ಕೃತಕ ಹುಲ್ಲು ಇದಕ್ಕಿಂತ ಬಹಳ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ಎಳೆಗಳು ಒಂದೂವರೆ ಅಂಗುಲ ಉದ್ದವಿದ್ದು ಚೆಂಡನ್ನು ಗಂಜಿಯಲ್ಲಿ ಬಿದ್ದ ನೊಣದಂತೆ ಹಿಡಿದುಕೊಳ್ಳುತ್ತವೆ. ಪಟ್ಟಿಂಗ್‌ಗೆ ಬಳಸುವುದು ಸುಮಾರು ಅರ್ಧ ಅಂಗುಲದ, ಒತ್ತೊತ್ತಾಗಿ ಹೊಲಿದ, ಗುಂಗುರು ಎಳೆಯ ಹಾಸು. ನೈಲಾನ್, ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ಮೂರರಲ್ಲೂ ಇವು ಬರುತ್ತವೆ. ನೈಲಾನ್ ಬಾಳಿಕೆಗೆ ಹೆಸರಾದದ್ದು, ದುಬಾರಿ. ನಮ್ಮದು ಪಾಲಿಪ್ರೊಪಿಲೀನ್, ಮರಳು ತುಂಬಿಸಿ ಬಳಸುವಂಥದ್ದು.

ಹಾಸುವ ಕೆಲಸ ಮಾರ್ಚ್‌ನಲ್ಲಿ ನಾಲ್ಕು ದಿನ ನಡೆಯಿತು. ಬಂದಿದ್ದ ನಾಲ್ವರು ಹುಡುಗರ ಕೈಗುಣವನ್ನು ಮೆಚ್ಚದೆ ಇರಲಾರೆ. ಹಳೆಯ ಕಣದ ಮೇಲ್ಮಣ್ಣನ್ನು ಎರಡು ಅಂಗುಲ ಕೆರೆದು, ಮೂರು ಅಂಗುಲ ಜಲ್ಲಿಪುಡಿ ಹರಡಿ, ನೀರು ಚಿಮುಕಿಸುತ್ತ ಯಂತ್ರದಿಂದ ದಮ್ಮಸ್ಸು ಮಾಡಿದರು. ಅಗಲದ ದಿಕ್ಕಿನಲ್ಲಿ 3 ಅಂಗುಲ, ಅಂದರೆ ಸುಮಾರು ಶೇ 2ರ ಇಳಿಜಾರು ಬೇಕು, ಚೆಂಡು ಬಾಗಿ ಉರುಳುವುದನ್ನು ಕಲಿಯಬೇಕು ಎಂದು ನಾನು ಕೇಳಿದ್ದೆ. ಅದನ್ನು ರಸಮಟ್ಟ ಹಿಡಿದು, ಹತ್ತು ಅಡಿಯ ಅಲ್ಯೂಮಿನಿಯಂ ಪಟ್ಟಿ ಎಳೆದು, ಎಲ್ಲಿಯೂ ಮೆಟ್ಟಿಲು ಬೀಳದಂತೆ ತೀಡಿದರು. ಎರಡು ಪಟ್ಟಿಗಳನ್ನು ಜೋಡಿಸುವಾಗ ಅಂಚಿನ ಒಂದೊಂದು ಸಾಲು ಹೊಲಿಗೆಯನ್ನು ಕತ್ತರಿಸಿ ತೆಗೆದು, ಅಡಿಗೆ ಪಟ್ಟಿ ಇಟ್ಟು, ಅಂಟು ಹಚ್ಚಿ, ಎಳೆಗಳು ಅಂಟಿನೊಳಗೆ ಸಿಕ್ಕಿಕೊಳ್ಳದಂತೆ ಬೆರಳಿನಿಂದ ಒಂದೊಂದನ್ನೇ ಬಿಡಿಸುತ್ತ ಕೂತಿದ್ದ ಹುಡುಗನನ್ನು ನೋಡಿದರೆ ಹೂ ಕಟ್ಟುವವರ ನೆನಪಾಗುತ್ತಿತ್ತು. ಆ ಜೋಡಣೆ ಈಗಲೂ ಕಣ್ಣಿಗೆ ಕಾಣುವುದಿಲ್ಲ. ಆಮೇಲೆ 25 ಕೆ.ಜಿ.ಯ 14 ಚೀಲ ಸಿಲಿಕಾ ಮರಳನ್ನು ತೆಳುವಾಗಿ ಉದುರಿಸಿ, ಗಟ್ಟಿ ಬ್ರಷ್ಷಿನಿಂದ ಎಳೆಗಳ ಬುಡಕ್ಕೆ ಇಳಿಸಿ, ರೋಲರ್ ಎಳೆದರು.

ಕುಳಿಯ ವಿಷಯದಲ್ಲಿ ಮೊದಲ ಜಗಳ. ಗಾಲ್ಫ್ ಕುಳಿಯ ವ್ಯಾಸ ಎಲ್ಲೇ ಹೋದರೂ 4.25 ಅಂಗುಲ, ಅಂದರೆ 108 ಮಿಲಿಮೀಟರ್. ಇವರು ಹೂತಿದ್ದು ಪಿ.ವಿ.ಸಿ. ಪೈಪಿನ ತುಂಡುಗಳನ್ನು; ಅಳೆದರೆ ಒಳಗಿನ ವ್ಯಾಸ 104 ಮಿಲಿಮೀಟರ್. ಚಿಕ್ಕ ಕುಳಿಯಲ್ಲಿ ಅಭ್ಯಾಸ ಮಾಡಿದರೆ ಒಳ್ಳೆಯದಲ್ಲವೇ ಸಾರ್ ಎಂದು ಮೇಲ್ವಿಚಾರಕ ನಕ್ಕ. ವಾದ ಚೆನ್ನಾಗಿದೆ, ಆದರೆ ನಾನು ಹಣ ಕೊಟ್ಟಿದ್ದು ಸರಿಯಾದ ಕುಳಿಗೆ. ಹದಿನೈದು ದಿನಗಳಲ್ಲಿ ಸರಿಯಾದ ಕಪ್‌ಗಳು ಕೊರಿಯರ್‌ನಲ್ಲಿ ಬಂದವು, ನಾನೇ ಕೂರಿಸಿದೆ. ಮೂರು ಕುಳಿಗಳಲ್ಲಿ ಒಂದು ಜೋಡಣೆಯ ಗೆರೆಯಿಂದ ಕೇವಲ ಆರು ಅಂಗುಲ ದೂರದಲ್ಲಿದೆ ಎಂಬುದು ನನ್ನ ಗಮನಕ್ಕೆ ಬಂದದ್ದು ಆಮೇಲೆ.

ಮೇಲ್ಮೈಯ ವೇಗದ ಬಗ್ಗೆ ಮಾರಾಟಗಾರರು ಹೇಳುವ ಮಾತನ್ನು ನಂಬಬೇಕಿಲ್ಲ, ಅಳೆಯಬಹುದು. ಅದಕ್ಕೆ ಸ್ಟಿಂಪ್‌ಮೀಟರ್ ಎಂಬ ಸರಳ ಸಾಧನವಿದೆ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಅಮೆರಿಕದ ಗಾಲ್ಫ್ ಆಟಗಾರ ರೂಪಿಸಿದ ಇದು 36 ಅಂಗುಲ ಉದ್ದದ ತೋಡುಪಟ್ಟಿ. ಕೆಳತುದಿಯಿಂದ 30 ಅಂಗುಲ ಮೇಲಿರುವ ಕಚ್ಚಿನಲ್ಲಿ ಚೆಂಡಿಟ್ಟು ಪಟ್ಟಿಯನ್ನು ನಿಧಾನವಾಗಿ ಎತ್ತುತ್ತ ಹೋದರೆ ಸುಮಾರು 20 ಡಿಗ್ರಿಗೆ ಬಂದಾಗ ಚೆಂಡು ತಾನೇ ಜಾರುತ್ತದೆ. ಅದು ನೆಲದ ಮೇಲೆ ಎಷ್ಟು ಅಡಿ ಉರುಳಿತೋ ಅಷ್ಟೇ ಆ ಗ್ರೀನ್‌ನ ವೇಗ. ಒಂದು ದಿಕ್ಕಿಗೆ ಮೂರು ಚೆಂಡು, ತಿರುಗಿ ಅದೇ ದಾರಿಯಲ್ಲಿ ಮೂರು ಚೆಂಡು ಬಿಟ್ಟು ಸರಾಸರಿ ತೆಗೆಯಬೇಕು. ವಿರಾಜಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಮಡಿಸಿಕೊಂಡು ನಾನೂ ಒಂದು ಮಾಡಿಸಿದೆ. ಗಾಲ್ಫ್ ಸಂಘಗಳು ಒಪ್ಪುವಂಥದ್ದಲ್ಲದಿದ್ದರೂ ನನ್ನ ಹಿತ್ತಲಿನ ಇವತ್ತನ್ನು ನಿನ್ನೆಯೊಡನೆ ಹೋಲಿಸಲು ಸಾಕು. ಹಾಸಿದ ದಿನ ಏಳೂವರೆ ಅಡಿ ಬಂತು. ಮರಳು ಕೂತು, ರೋಲರ್ ಎಳೆದು, ಎರಡು ವಾರ ಕಳೆದ ಮೇಲೆ ಎಳೆಗಳ ಒಲವಿನ ದಿಕ್ಕಿನಲ್ಲಿ, ಅಂದರೆ ಅವು ಬಾಗಿ ಮಲಗಿರುವ ಕಡೆಗೆ, 10 ಅಡಿ, ಎದುರು ದಿಕ್ಕಿನಲ್ಲಿ 8 ಅಡಿ, ಸರಾಸರಿ 9. ದೊಡ್ಡ ಟೂರ್ನಮೆಂಟ್‌ಗಳ ಗ್ರೀನ್‌ಗಳು ಇದಕ್ಕಿಂತ ಬಹಳ ಚುರುಕು. ಮನೆಯ ಅಭ್ಯಾಸಕ್ಕೆ 9 ಅಡಿ ಧಾರಾಳ. ಕೃತಕ ಹುಲ್ಲಿಗೂ ಹೀಗೊಂದು ಒಲವಿರುತ್ತದೆ, ಎರಡು ದಿಕ್ಕಿಗೆ ಎರಡು ವೇಗ ಬರುತ್ತದೆ ಎಂಬುದನ್ನು ಮಾರುವವರು ಮೊದಲೇ ಹೇಳುವುದು ಒಳ್ಳೆಯದು.

ಏಪ್ರಿಲ್, ಮೇ ಸುಖವಾಗಿ ಕಳೆದವು. ಕಾಫಿ ಹೂ ಅರಳಿಸುವ ಹೂಮಳೆ ಬಂದಾಗ ನೀರು ಹಾಸಿನ ತೂತುಗಳಲ್ಲಿ ಇಳಿದು ಅರ್ಧ ಗಂಟೆಯಲ್ಲಿ ಮೇಲ್ಮೈ ಒಣಗಿದ್ದನ್ನು ಕಂಡು, ಬಂದವರಿಗೆಲ್ಲ ತೋರಿಸಿ ಬೀಗಿದ್ದೂ ಉಂಟು. ಜೂನ್ ಕೊನೆಯ ತನಕ ಆ ಬೀಗು ಉಳಿಯಿತು.

ಜುಲೈ ಎರಡನೆಯ ವಾರ, ಪುನರ್ವಸು ಮಳೆ ಮೂರು ದಿನ ಬಿಡದೆ ಹೊಯ್ದ ಮೇಲೆ, ಬೆಳಿಗ್ಗೆ ಹಿಂಬಾಗಿಲು ತೆರೆದರೆ ಗ್ರೀನ್‌ನ ನಡುಭಾಗ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತ್ತು. ಮೇಲೆ ಕಾಲಿಟ್ಟರೆ ನೆಲ ಆಚೆಗೆ ಸರಿದು, ಐದಾರು ಅಡಿ ದೂರದ ಕುಳಿಯಿಂದ ನೀರು ಬುಗ್ಗೆಯಂತೆ ಚಿಮ್ಮುತ್ತಿತ್ತು. ನೀರು ಹಾಸಿನ ಮೇಲೆ ನಿಂತಿರಲಿಲ್ಲ. ಅಡಿಯಲ್ಲಿ ಸೇರಿಕೊಂಡು ಹಾಸನ್ನೇ ಎತ್ತಿ ಹಿಡಿದಿತ್ತು. ಹಿಂದಿನ ದಿನ ಕುಳಿಯಲ್ಲಿ ಉಳಿದಿದ್ದ ಚೆಂಡನ್ನು ತೆಗೆಯೋಣವೆಂದು ಕೈ ಹಾಕಿದರೆ ಬೆರಳಿಗೆ ತಣ್ಣಗೆ, ಮೆತ್ತಗೆ ಏನೋ ತಗುಲಿ ಮಿಸುಕಿತು. ಗಾಲ್ಫ್ ಚೆಂಡು ನೀರಿನಲ್ಲಿ ತೇಲುವುದಿಲ್ಲ, ತಳದಲ್ಲಿತ್ತು. ಅದರ ಮೇಲೆ ಒಂದು ಕಪ್ಪೆ ಕೂತಿತ್ತು. ಕಪ್‌ಗಳ ಅಡಿಗೆ ನೀರು ಹೋಗುವ ದಾರಿಯನ್ನೇ ಬಿಟ್ಟಿರಲಿಲ್ಲ ಎಂಬುದು ಹೀಗೆ ಬೆಳಕಿಗೆ ಬಂತು.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಗ್ರೀನ್ ಸುಮಾರು 46 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಹೊಯ್ದರೆ 4,600 ಲೀಟರ್ ನೀರು ಅದರ ತೂತುಗಳಲ್ಲಿ ಇಳಿಯುತ್ತದೆ. ಇಳಿದದ್ದು ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ಅಂಥ ಮಳೆ ಅಪರೂಪ, ಮರುದಿನ ಬಿಸಿಲು ಬರುತ್ತದೆ, ಅಡಿಯ ಜಲ್ಲಿಪುಡಿ ಹಿಡಿದಿಟ್ಟುಕೊಂಡ ತೇವ ಹೇಗೋ ಆರುತ್ತದೆ. ಇಲ್ಲಿ ನಾಳೆಯೂ ಅಷ್ಟೇ, ನಾಡಿದ್ದೂ ಅಷ್ಟೇ.

ಮಳೆ ಹೊಳವಾದಾಗ ನಮ್ಮ ತೋಟದ ಗೋಡೆ, ಮೋರಿ ಕೆಲಸಗಳನ್ನು ಮೂವತ್ತು ವರ್ಷಗಳಿಂದ ಮಾಡುತ್ತಿರುವ ಮೇಸ್ತ್ರಿಯನ್ನು ಕರೆಸಿದೆ. ಅವರು ಹಾಸಿನ ಕಡೆ ನೋಡಲೇ ಇಲ್ಲ. ಕೊಡೆ ಹಿಡಿದು ಹಿಂದಿನ ಏರನ್ನು ಹತ್ತಿ, ಅಲ್ಲಿಂದ ಕೆಳಗೆ ನೋಡುತ್ತ, "ಸಾರ್, ಇಲ್ಲೊಂದು ಚರಂಡಿ ಇತ್ತಲ್ಲ, ಅದನ್ನು ಯಾವಾಗ ಮುಚ್ಚಿದ್ರಿ?" ಎಂದರು. ಮುಚ್ಚಿದವರು ಯಾರೂ ಇಲ್ಲ. ಕಣ ಬಿಟ್ಟ ಮೇಲೆ ಎಲೆ, ಮಣ್ಣು ಬಿದ್ದು ತಾನೇ ಮುಚ್ಚಿಹೋಗಿತ್ತು. ನಮ್ಮ ಹಳೆಯ ಕಡಂಗಗಳಂಥ ಭಾರಿ ಕಂದಕವೇನೂ ಅಲ್ಲ, ಒಂದು ಅಡಿ ಅಗಲದ ತೋಡು. ಆದರೆ ಅಜ್ಜನ ಕಾಲದವರು ಕಣ ಮಾಡಿದ್ದೇ ಆ ತೋಡನ್ನು ನಂಬಿಕೊಂಡು. ಏರಿನಿಂದ ಬರುವ ನೀರನ್ನು ಅದು ಪಕ್ಕಕ್ಕೆ ಒಯ್ಯುತ್ತಿತ್ತು. ಮೇಲಿಂದ ಬಿದ್ದ ನೀರು ಕಣದೊಳಗೆ ಇಂಗದೆ ಜಾರಿ ಹೋಗಲೆಂದೇ ನೆಲವನ್ನು ವರ್ಷವರ್ಷವೂ ಪೆಟ್ಟುಹಲಗೆಯಿಂದ ಬಡಿದು, ಸಗಣಿ ಸಾರಿಸಿ ಗಟ್ಟಿ ಮಾಡುತ್ತಿದ್ದರು. ಅಳತೆಗೆ ಬಂದ ಯುವಕ ಹಿಮ್ಮಡಿಯಿಂದ ಕುಟ್ಟಿ ಅದೃಷ್ಟವೆಂದದ್ದು ಆ ಗಟ್ಟಿತನವನ್ನೇ. ನೀರು ಇಂಗಬಾರದೆಂದು ಎರಡು ತಲೆಮಾರು ಬಡಿದ ನೆಲದ ಮೇಲೆ, ನೀರು ಇಂಗಿಯೇ ತೀರುತ್ತದೆಂದು ನಂಬಿದ ಹಾಸನ್ನು ಹಾಸಿದ್ದೆವು. ಅದರ ಜೊತೆಗೆ ಮಳೆಗಾಲದ ನಡುವಿನಿಂದ ಏರಿನ ಮಣ್ಣೊಳಗಿನಿಂದಲೇ ಒಸರುವ ನೀರು ಬೇರೆ. ಸಂಸ್ಥೆ ಲೆಕ್ಕ ಹಾಕಿದ್ದು ಮೇಲಿಂದ ಬೀಳುವ ನೀರನ್ನು ಮಾತ್ರ. ನಮ್ಮನ್ನು ಸೋಲಿಸಿದ್ದು ಪಕ್ಕದಿಂದ ಒಸರಿ ಬಂದ ನೀರು.

ಸಂಸ್ಥೆಗೆ ಫೋನ್ ಮಾಡಿದಾಗ ಬಂದ ಮೊದಲ ಉತ್ತರ, ಈ ವರ್ಷ ಮಳೆ ಅಸಹಜವಾಗಿದೆ ಸಾರ್ ಎಂಬುದು. ವಿರಾಜಪೇಟೆಯ ಜುಲೈ ತಿಂಗಳ ಮಳೆಯನ್ನು ಅಸಹಜವೆನ್ನುವವರು ಇಲ್ಲಿ ಕೆಲಸ ಒಪ್ಪಿಕೊಳ್ಳಬಾರದಿತ್ತು ಎಂದು ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ. ಎರಡನೆಯ ಉತ್ತರ ವಾರಂಟಿಯ ಕುರಿತದ್ದು. ಐದು ವರ್ಷದ ವಾರಂಟಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದ ಕಾಗದವನ್ನು ಆಗ ಪೂರ್ತಿ ಓದಿದೆ. ಬಿಸಿಲಿಗೆ ಎಳೆ ಬಣ್ಣಗೆಟ್ಟರೆ, ಉದುರಿದರೆ ವಾರಂಟಿ ಉಂಟು. ಅಡಿಪಾಯ ಕುಸಿದರೆ, ನೀರು ನಿಂತರೆ ಇಲ್ಲ. ಬಿಸಿಲಿನ ಮೇಲಿನ ವಾರಂಟಿಯನ್ನು ಕೊಡಗಿನವರಿಗೆ ಕೊಡುವುದು ಮೀನಿಗೆ ಕೊಡೆ ಕೊಟ್ಟಂತೆ. ಆದರೂ ಮೂರನೆಯ ಬಾರಿ ಮಾತಾಡಿದ ಹಿರಿಯರೊಬ್ಬರು ಸಮಂಜಸವಾಗಿ ನಡೆದುಕೊಂಡರೆಂದು ಹೇಳಲೇಬೇಕು. ನಾನು ಕಳಿಸಿದ ವಿಡಿಯೋ ನೋಡಿ, ಮಳೆಯಲ್ಲಿ ಕೈ ಹಾಕಿದರೆ ಅಂಟು ಹಿಡಿಯುವುದಿಲ್ಲ, ನವೆಂಬರ್‌ನಲ್ಲಿ ಬಂದು ಹಾಸನ್ನು ಎತ್ತಿ ಮತ್ತೆ ಕೂರಿಸುವ ಕೂಲಿ ನಮ್ಮದು, ಜಲ್ಲಿ ಪೈಪಿನ ಖರ್ಚು ನಿಮ್ಮದು ಎಂದರು. ಒಪ್ಪಿದೆ. ಅವರು ಹೇಳಿದ ತಿಂಗಳಲ್ಲೇ ಬಂದರು.

ಮಳೆ ನಿಂತು ಉಬ್ಬು ಇಳಿದ ಮೇಲೆ ನೋಡಿದರೆ ಅಡಿಯ ಜಲ್ಲಿಪುಡಿ ಅಲ್ಲಲ್ಲಿ ಕೊಚ್ಚಿ ಮೂರು ಕಡೆ ತಗ್ಗಾಗಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಚೆಂಡಿಗೆ ಗೊತ್ತಾಗುತ್ತಿತ್ತು. ಎಂಟು ಅಡಿಯಿಂದ ನೇರವಾಗಿ ಹೊಡೆದ ಚೆಂಡು ಕುಳಿಗೆ ಎರಡು ಗೇಣು ಇರುವಾಗ, ಏನೋ ಮರೆತವರಂತೆ ಎಡಕ್ಕೆ ತಿರುಗಿ ಹೋಗುತ್ತಿತ್ತು. ಹಿಟ್ಟು ಉದುರಿಸಿ ಚೆಂಡಿನ ಜಾಡು ಹಿಡಿದು, ತಗ್ಗುಗಳ ಸುತ್ತ ಸುಣ್ಣದ ಗೆರೆ ಎಳೆದಿಟ್ಟೆ.

ನವೆಂಬರ್‌ನ ಕೆಲಸದಲ್ಲಿ ಮೇಸ್ತ್ರಿಯ ಮಾತೇ ನಡೆಯಿತು, ಬೆಂಗಳೂರಿನ ಹುಡುಗರೂ ಅದಕ್ಕೆ ಮುಖ ಸಿಂಡರಿಸಲಿಲ್ಲ. ಹಾಸನ್ನು ಸುತ್ತಿ ಪಕ್ಕಕ್ಕಿಟ್ಟು, ಹಳೆಯ ಕಣದ ಗಟ್ಟಿ ಪದರವನ್ನು ಗುದ್ದಲಿ, ಹಾರೆಗಳಿಂದ ಒಡೆದು ಒಂಬತ್ತು ಅಂಗುಲ ಆಳಕ್ಕೆ ತೆಗೆದರು. ಮಣ್ಣಿನ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ 20 ಮಿಲಿಮೀಟರ್ ಜಲ್ಲಿ ಐದು ಅಂಗುಲ, ಅದರ ಮೇಲೆ 6 ಮಿಲಿಮೀಟರ್ ಬೇಬಿ ಜಲ್ಲಿಗೆ ತೊಳೆದ ಪುಡಿ ಬೆರೆಸಿ ಎರಡು ಅಂಗುಲ ಹರಡಿ, ಪದರಪದರವಾಗಿ ದಮ್ಮಸ್ಸು ಮಾಡಿದರು. ಆ ಬಟ್ಟೆಯ ಕೆಲಸ, ಅಡಿಯ ಕೆಂಪು ಮಣ್ಣು ಕೆಸರಾಗಿ ಜಲ್ಲಿಯ ಸಂದುಗಳಿಗೆ ಏರದಂತೆ ತಡೆಯುವುದು. ಅದಿಲ್ಲದಿದ್ದರೆ ನಾಲ್ಕು ವರ್ಷದಲ್ಲಿ ಜಲ್ಲಿಯೂ ಮಣ್ಣೂ ಒಂದೇ ಆಗುತ್ತವೆ. ಏರಿನ ಬದಿಯಲ್ಲಿ ಅಜ್ಜನ ಕಾಲದ ಚರಂಡಿಯ ಜಾಡಿನಲ್ಲೇ ಒಂದೂವರೆ ಅಡಿ ಆಳದ ತೋಡು ತೆಗೆದು, ನಾಲ್ಕು ಅಂಗುಲದ ತೂತಿನ ಪೈಪಿಗೆ ಅದೇ ಬಟ್ಟೆ ಸುತ್ತಿ ಮಲಗಿಸಿ, ಸುತ್ತ ಜಲ್ಲಿ ತುಂಬಿದರು. ಪೈಪಿನ ಬಾಯಿ ಕೆಳಗಿನ ಕಾಫಿ ಸಾಲುಗಳ ನಡುವೆ ನೀರು ಇಂಗಲೆಂದು ತೋಡಿದ ತೊಟ್ಟಿಲು ಗುಂಡಿಗಳಿಗೆ ತೆರೆಯುತ್ತದೆ. ಕುಳಿಗಳ ಅಡಿಗೂ ಒಂದೊಂದು ಬೊಗಸೆ ಜಲ್ಲಿ ಹಾಕಿ ನೀರಿಗೆ ದಾರಿ ಮಾಡಿದರು. ನನ್ನ ಪಾಲಿನ ಖರ್ಚು 38,500 ರೂಪಾಯಿ. ಮೊದಲೇ ಹೀಗೆ ಮಾಡಿದ್ದರೆ ಹೆಚ್ಚೆಂದರೆ ಇದರ ಅರ್ಧ ತಗಲುತ್ತಿತ್ತು ಎಂದು ಮೇಸ್ತ್ರಿ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಅಷ್ಟು ಮರ್ಯಾದೆ ಉಳಿಸಿದರು.

ಎರಡನೆಯ ಮಳೆಗಾಲದಲ್ಲಿ ಹಾಸು ಒಂದು ಅಂಗುಲವೂ ಏಳಲಿಲ್ಲ. ಜುಲೈನಲ್ಲಿ ಪೈಪಿನ ಬಾಯಿಯ ಹತ್ತಿರ ನಿಂತು ನೋಡಿದರೆ, ಮಳೆ ಹೊಳವಾಗಿ ಎರಡು ದಿನವಾದರೂ ಬೆರಳು ಗಾತ್ರದ ನೀರು ಸುರಿಯುತ್ತಲೇ ಇತ್ತು. ಅದು ಆಕಾಶದ ನೀರಲ್ಲ, ಏರಿನ ಒಸರು. ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದ ನಡುವೆ ಮಳೆ ಬಿಟ್ಟ ಒಂದು ಸಂಜೆ ಚಪ್ಪಲಿ ಒದ್ದೆಯಾಗದೆ ಅರ್ಧ ಗಂಟೆ ಪಟ್ ಮಾಡಿದೆ. ಪಕ್ಕದ ಸಹಜ ಹುಲ್ಲಿನ ಮೇಲಾಗಿದ್ದರೆ ಅಷ್ಟು ಹೊತ್ತಿನಲ್ಲಿ ಕಾಲಿಗೆ ಹತ್ತು ಜಿಗಣೆ ಹತ್ತಿರುತ್ತಿದ್ದವು.

ದಿನನಿತ್ಯದ ಆರೈಕೆ ಏನೂ ಬೇಡ ಎಂಬ ಜಾಹೀರಾತಿನ ಮಾತು ನಮ್ಮ ಊರಿಗೆ ಹೊಂದುವುದಿಲ್ಲ. ಸಿಲ್ವರ್ ಓಕ್ ಎಲೆ ವರ್ಷವಿಡೀ ಉದುರುತ್ತದೆ. ಕಡ್ಡಿ ಪೊರಕೆಯಿಂದ ಗುಡಿಸಿದರೆ ಎಲೆಯ ಜೊತೆ ಮರಳೂ ಎದ್ದು ಬರುತ್ತದೆಂದು ತಿಳಿದ ಮೇಲೆ ಗಾಳಿಯೂದುವ ಯಂತ್ರ ತಂದೆ. ಹಲಸಿನ ಮರದ ನೆರಳು ಬೀಳುವ ಮೂಲೆಯಲ್ಲಿ ಆಗಸ್ಟ್ ಹೊತ್ತಿಗೆ ಎಳೆಗಳ ಬುಡದಲ್ಲಿ ಪಾಚಿ ಕಟ್ಟುತ್ತದೆ. ಮಳೆಗಾಲ ಮುಗಿದಾಗ ನನ್ನ ಸ್ಟಿಂಪ್‌ಮೀಟರ್ 7 ಅಡಿ ತೋರಿಸಿತು. ಅಕ್ಟೋಬರ್‌ನಲ್ಲಿ ಗಟ್ಟಿ ನೈಲಾನ್ ಬ್ರಷ್ಷಿನಿಂದ ಎರಡು ದಿಕ್ಕಿಗೂ ಉಜ್ಜಿ, ಎರಡು ಚೀಲ ಮರಳು ಸೇರಿಸಿ, ರೋಲರ್ ಎಳೆದ ಮೇಲೆ ಎಂಟೂವರೆಗೆ ಬಂತು. ಮೊದಲಿನ 9 ಮರಳಿ ಬರುವಂತೆ ಕಾಣುವುದಿಲ್ಲ. ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಗ್ರೀನ್ ನಡುವೆ ಪುನುಗು ಬೆಕ್ಕು ಬಿಟ್ಟುಹೋದ ಕಾಫಿ ಬೀಜದ ಉಂಡೆ ಇರುವುದೂ ಉಂಟು; ಬಯಲು, ಮೆತ್ತಗೆ, ಒಣಗಿದ ಜಾಗ ಅದಕ್ಕೂ ಇಷ್ಟವಾದಂತಿದೆ. ಪಕ್ಕದ ಹುಲ್ಲನ್ನು ಉತ್ತುಹಾಕುವ ಕಾಡುಹಂದಿ ಮಾತ್ರ ಒಮ್ಮೆ ಅಂಚಿನಲ್ಲಿ ಮೂತಿ ಹಾಕಿ, ಎರೆಹುಳು ಸಿಗದೆ ಬೇಸತ್ತು ಹೋಯಿತು. ಪೈಪಿನ ಬಾಯಿಗೆ ಒಂದು ಸಣ್ಣ ಜಾಲರಿ ಕಟ್ಟಿದ್ದೇನೆ. ತಿಂಗಳಿಗೊಮ್ಮೆ ತೆಗೆದರೆ ಮರಳಿನ ಜೊತೆ ಚಿಟಿಕೆಯಷ್ಟು ಹಸಿರು ಪ್ಲಾಸ್ಟಿಕ್ ಚೂರು ಇರುತ್ತದೆ. ಜಾಲರಿ ಇಲ್ಲದಿದ್ದರೆ ಅದೆಲ್ಲ ಕಾಫಿ ಗಿಡದ ಬುಡಕ್ಕೆ ಹೋಗುತ್ತಿತ್ತು. ಈ ಒಂದು ವಿಷಯದಲ್ಲಿ ನನ್ನ ಮನಸ್ಸಿಗೆ ಪೂರ್ತಿ ಸಮಾಧಾನವಿಲ್ಲ.

ಆಟದ ಮಟ್ಟಿಗೆ ಹೇಳುವುದಾದರೆ, ಹತ್ತು ಅಡಿಯೊಳಗಿನ ಪಟ್‌ಗೆ ಇದಕ್ಕಿಂತ ಒಳ್ಳೆಯ ಗುರುವಿಲ್ಲ. ಮೈದಾನದಲ್ಲಿ ಮೂರು ಪಟ್ ಹೊಡೆಯುವ ಚಟ ನನಗೆ ಬಹುಮಟ್ಟಿಗೆ ಬಿಟ್ಟುಹೋಗಿದೆ. ದೂರದಿಂದ ಎತ್ತಿ ಹೊಡೆದ ಚಿಪ್ ಹೊಡೆತವನ್ನೂ ಹಿಡಿದು ನಿಲ್ಲಿಸುತ್ತದೆ ಎಂದು ಮಾರಾಟಗಾರರು ಹೇಳಿದ್ದನ್ನು ಮಾತ್ರ ನಂಬಬೇಡಿ. ಅರ್ಧ ಅಂಗುಲ ಎಳೆಯ ಅಡಿಗೆ ಗಟ್ಟಿ ಜಲ್ಲಿಯಿರುವಾಗ ಚೆಂಡು ಊಟದ ಮೇಜಿನ ಮೇಲೆ ಬಿದ್ದಂತೆ ಪುಟಿದು ಕಾಫಿ ಗಿಡಗಳೊಳಗೆ ಹೋಗುತ್ತದೆ. ರಜೆಗೆ ಬಂದ ಅಕ್ಕನ ಮೊಮ್ಮಗ ಹಾಕಿ ಸ್ಟಿಕ್ ತಂದು ಎರಡು ದಿನ ಚೆಂಡು ಎಳೆದಾಡಿದಾಗ ಒಂದು ಕಡೆ ಎಳೆಗಳು ಎದ್ದವು. ಹಾಕಿಯ ಹಾಸೇ ಬೇರೆ ಎಂದು ಅವನಿಗೆ ತಿಳಿಹೇಳಬೇಕಾಯಿತು.

ಇಷ್ಟೆಲ್ಲ ಆದ ಮೇಲೂ ನಮ್ಮ ಕಡೆ ಯಾರಾದರೂ ಕೇಳಿದರೆ ಮಾಡಿಸಿ ಎಂದೇ ಹೇಳುತ್ತೇನೆ, ಇದೇ ಸಂಸ್ಥೆಯ ಫೋನ್ ನಂಬರನ್ನೂ ಕೊಡುತ್ತೇನೆ. ಹಾಸು ಕೂರಿಸುವ ಕೆಲಸದಲ್ಲಿ ಆ ಹುಡುಗರನ್ನು ಮೀರಿಸುವವರು ಸಿಗುವುದು ಕಷ್ಟ. ಆದರೆ ಅಡಿಪಾಯವನ್ನು ಅವರ ಗುತ್ತಿಗೆಯಿಂದ ಬೇರೆ ಮಾಡಿ ಊರಿನ ಮೇಸ್ತ್ರಿಗೆ ಕೊಡಿ, ಆ ಜಾಗದಲ್ಲಿ ಮೊದಲು ಏನಿತ್ತು ಎಂದು ಮನೆಯ ಹಿರಿಯರನ್ನು ಕೇಳಿ, ನೀರು ಹೊರಹೋಗುವ ಬಾಯಿಯನ್ನು ಕಣ್ಣಾರೆ ನೋಡಿದ ಮೇಲೆಯೇ ಹಾಸು ಬಿಚ್ಚಲು ಹೇಳಿ. ಒಟ್ಟು ಹಣದ ಹತ್ತನೆಯ ಒಂದು ಭಾಗವನ್ನು ಸೆಪ್ಟೆಂಬರ್ ತನಕ ಕೊಡದೆ ಉಳಿಸಿಕೊಳ್ಳುವ ಷರತ್ತನ್ನು ಬರೆಸಿಕೊಳ್ಳಿ. ನಾನು ಮಾರ್ಚ್‌ನಲ್ಲೇ ಪೂರ್ತಿ ಹಣ ಕೊಟ್ಟು ಕೈತೊಳೆದುಕೊಂಡಿದ್ದೆ.

ಜೋಡಣೆಯ ಪಕ್ಕದ ಆ ಮೂರನೆಯ ಕುಳಿಯನ್ನು ಎರಡು ಅಡಿ ಸರಿಸಿ ಕೊಡುತ್ತೇವೆಂದು ಸಂಸ್ಥೆಯವರು ಒಪ್ಪಿದ್ದಾರೆ, ಕೊಯ್ಲು ಮುಗಿದ ಮೇಲೆ ಬನ್ನಿ ಎಂದು ನಾನೇ ಹೇಳಿದ್ದೇನೆ. ಅಷ್ಟರಲ್ಲಿ ಕರಿಮೆಣಸು ಒಣಗಿಸಲು ಮನೆಯಲ್ಲಿ ಇಷ್ಟು ಸಮತಟ್ಟಾದ, ಇಷ್ಟು ಬಿಸಿಲು ಬೀಳುವ ಜಾಗ ಬೇರೊಂದಿಲ್ಲ ಎಂದು ನನ್ನ ಹೆಂಡತಿ ಕಂಡುಕೊಂಡಿದ್ದಾಳೆ. ಹೋದ ಫೆಬ್ರವರಿಯಲ್ಲಿ ಮೂರು ವಾರ ಗ್ರೀನ್ ಮೇಲೆ ಚಾಪೆ ಹಾಸಿತ್ತು, ಅಜ್ಜನ ಕಣ ಮತ್ತೆ ಕಣವೇ ಆಗಿತ್ತು. ಚಾಪೆ ಎತ್ತಿದ ಮೇಲೂ ಎಳೆಗಳ ನಡುವೆ ಉಳಿದ ಮೆಣಸಿನ ಕಾಳು ಏಪ್ರಿಲ್ ತನಕ ಸಿಗುತ್ತಿತ್ತು, ಹೆಚ್ಚಾಗಿ ಕುಳಿಗೆ ಒಂದು ಗೇಣು ಇರುವಾಗ ಚೆಂಡು ಪಕ್ಕಕ್ಕೆ ನೆಗೆದ ಜಾಗದಲ್ಲಿ.